ಹಾರಲು ಸಹಿ ಸಿಗದ ಸೂರು

ಟಾರ್ಪಾಲು ಜಾರಿ ಕೆಳಗೆ ಬಿದ್ದಾಗ ಊರೆಲ್ಲ ಚಪ್ಪಾಳೆ ತಟ್ಟಿತು. ಕುಲಪತಿ ಅನಿಸೆತೊ ಮೋಯೆಯ ಕೈಗಳು ಮಾತ್ರ ಜೇಬಿನಲ್ಲೇ ಉಳಿದವು.

ಅದು ಸಾನ್ ಯಾಸಿಂತೊ ವಿಶ್ವವಿದ್ಯಾಲಯದ ಹೊಸ ಸಭಾಂಗಣ. ಲಾ ಪಾಸ್ ಬೆಟ್ಟಗಳ ಕೆಳಗಿನ ಬೇನಿ ಬಯಲಿನ ಆ ಪುಟ್ಟ ಊರಿನ ವಿದ್ಯಾರ್ಥಿಗಳು ರಸ್ತೆಗೆ ಅಡ್ಡಲಾಗಿ ಮರ ಉರುಳಿಸಿ, ಮಂತ್ರಿಯೊಬ್ಬನ ಜೀಪನ್ನು ಮಧ್ಯಾಹ್ನವಿಡೀ ಕೆಸರಿನಲ್ಲಿ ಕೂರಿಸಿ ಗಿಟ್ಟಿಸಿಕೊಂಡ ಕಟ್ಟಡ. ಕಟ್ಟಿಸಿದವನು ವಾಸ್ತುಶಿಲ್ಪಿ ಫ್ಲೋರೆನ್ಸಿಯೊ ಮೆಲ್ಗಾರ್. ಅವನ ಮಗಳು ನೋರ್ಕಾಳ ಜ್ಞಾನಸ್ನಾನದ ದಿನ ಜ್ಞಾನತಂದೆಯಾಗಿ ನಿಂತವನು ಅನಿಸೆತೊ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ. ಆ ಬಯಲಿನಲ್ಲಿ ಅಣ್ಣತಮ್ಮಂದಿರು ದನಕ್ಕಾಗಿ ಗುಂಡು ಹಾರಿಸಿಕೊಂಡರೂ ಜನ ಮರೆತುಬಿಡುತ್ತಾರೆ. ಕೊಂಪಾದ್ರೆಗಳು ಮಾತು ಬಿಟ್ಟರೆ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ.

ಮೆಲ್ಗಾರ್ ಆರಂಭದಲ್ಲಿ ತೋರಿಸಿದ್ದು ಸಾಧಾರಣ ಇಳಿಜಾರಿನ ಸೂರು. ಆಮೇಲೆ ಕೊಂಪಾದ್ರೆಗೊಂದು ಅಚ್ಚರಿ ಕೊಡುತ್ತೇನೆಂದು ಟಾರ್ಪಾಲಿನೊಳಗೆ ತಿಂಗಳುಗಟ್ಟಲೆ ಬಡಿಯುತ್ತ ಕುಳಿತ. ಈಗ ಕಾಣಿಸಿತು. ದಕ್ಷಿಣದ ಕಡೆಯ ಮುಂದಿನ ಅಂಚು ದಪ್ಪ, ದುಂಡು. ಬೆನ್ನು ಮೆಲ್ಲಗೆ ಉಬ್ಬಿ ಹಿಂದಕ್ಕೆ ಹೋಗುತ್ತ ಹೋಗುತ್ತ ತೆಳ್ಳಗಾಗಿ ಚೂಪಾಗಿ ಮುಗಿಯುತ್ತಿತ್ತು. ಬಿಳಿಯ ತಗಡು ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ದಕ್ಷಿಣದ ಬಯಲು ಕಾಣಲೆಂದು ಆ ಕಡೆ ಸೊಂಟದೆತ್ತರದ ಗೋಡೆ, ಅದರ ಮೇಲೆ ಸೂರು ಹೊತ್ತ ಕಂಬಗಳು ಮಾತ್ರ, ಉಳಿದದ್ದೆಲ್ಲ ಖಾಲಿ.

ಅದು ರೆಕ್ಕೆ. ಅಪ್ಪಟ ವಿಮಾನದ ರೆಕ್ಕೆ.

"ಗುರುತು ಸಿಕ್ತಾ ಕೊಂಪಾದ್ರೆ?" ಮೆಲ್ಗಾರ್ ಅವನ ಭುಜ ಹಿಡಿದು ಅಲುಗಾಡಿಸಿದ. "ನೋರ್ಕಾಗೆ ಹೆಸರಿಟ್ಟ ದಿನ ಬಿಯರ್‌ನಲ್ಲಿ ಬೆರಳದ್ದಿ ಮೇಜಿನ ಮೇಲೆ ಬರೆದಿದ್ಯಲ್ಲ, ವಿಮಾನ ಹೆಂಗೆ ಹಾರುತ್ತೆ ಅಂತ? ಅದೇ ಇದು! ಹೆಂಗಸರು ಒರೆಸೋಕೆ ಮುಂಚೆ ಕಣ್ಣಲ್ಲಿ ಅಚ್ಚೊತ್ಕೊಂಡಿದ್ದೆ."

"ಚೆನ್ನಾಗಿದೆ," ಅಂದ ಅನಿಸೆತೊ. "ತುಂಬಾ ಚೆನ್ನಾಗಿ ಬಂದಿದೆ."

ಚೆನ್ನಾಗಿ ಬಂದದ್ದೇ ಅವನ ಸಂಕಟ. ಸ್ವಲ್ಪ ಕೆಟ್ಟದಾಗಿ ಬಂದಿದ್ದರೆ ಭಯವಿರಲಿಲ್ಲ.

ಆ ಊರ ಪದ್ಧತಿಯಲ್ಲಿ ಹೊಸ ಸೂರಿಗೂ ಒಬ್ಬ ಜ್ಞಾನತಂದೆ ಬೇಕು, ಅವನು ಅದರಡಿಯಲ್ಲಿ ನಿಂತು ಮೆಕ್ಕೆಜೋಳದ ಹೆಂಡ ಚಿಚಾ ತುಂಬಿದ ಮಣ್ಣಿನ ಕುಡಿಕೆ ಒಡೆಯಬೇಕು. ಕುಡಿಕೆಯನ್ನು ಕೈಗೆ ಕೊಟ್ಟರು. ಬ್ಯಾಂಡಿನವರು ಕೆನ್ನೆ ಉಬ್ಬಿಸಿ ಕಾದರು. ಅನಿಸೆತೊ ಸೂರು ನೋಡಿದ, ದಕ್ಷಿಣ ನೋಡಿದ, ಕುಡಿಕೆ ನೋಡಿದ. ಆಮೇಲೆ ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮನೆಯ ಕಡೆ ನಡೆದುಬಿಟ್ಟ.

ಬ್ಯಾಂಡಿನವರ ಕೆನ್ನೆಗಳು ನಿಧಾನವಾಗಿ ಇಳಿದವು.

ಈ ಮನುಷ್ಯನ ಚರಿತ್ರೆ ಗೊತ್ತಿದ್ದವರಿಗೆ ಇದು ತೀರ ಹೊಸದಾಗಿರಲಿಲ್ಲ. ಅನಿಸೆತೊನ ಅಪ್ಪ ದನ ಕಾಯುವವನು. ಹುಡುಗ ದನದ ಬಾಲ ನೋಡುವ ಬದಲು ಆಕಾಶ ನೋಡುತ್ತಿದ್ದುದರಿಂದ ಎಷ್ಟೋ ಕರುಗಳು ಮೊಸಳೆಯ ಪಾಲಾದವು. ಇವನನ್ನು ಸಾಕುವುದಕ್ಕಿಂತ ಓದಿಸುವುದೇ ಅಗ್ಗವೆಂದು ಪಾದ್ರಿಗಳು ಕೈಹಿಡಿದರು. ಕೊನೆಗೆ ಅವನು ಅರ್ಜೆಂಟೀನಾದ ಕೋರ್ದೊಬಾ ಸೇರಿ, ವಿಮಾನ ಕಟ್ಟುವ ವಿದ್ಯೆ ಕಲಿತು, ಸ್ವಂತ ವಿಮಾನವೊಂದನ್ನು ತಲೆಯೊಳಗೆ ಹೊತ್ತುಕೊಂಡು ದಿಗ್ವಿಜಯಿಯಂತೆ ಊರಿಗೆ ಮರಳಿದ. ಊರು ಅವನನ್ನು ಮಾಂಸದ ವಿಮಾನಗಳ ಮುಂದೆ ನಿಲ್ಲಿಸಿತು.

ಸಾನ್ ಯಾಸಿಂತೊದಲ್ಲಿ ಹಸುರಿತ್ತು, ದನವಿತ್ತು, ರಸ್ತೆ ಇರಲಿಲ್ಲ. ಬೆಟ್ಟದ ಮೇಲಿನ ರಾಜಧಾನಿ ಲಾ ಪಾಸ್‌ನಲ್ಲಿ ತಿನ್ನುವ ಬಾಯಿಗಳಿದ್ದವು. ಆದ್ದರಿಂದ ಮುಂಜಾನೆ ದನ ಕಡಿದು, ಇನ್ನೂ ಹಬೆಯಾಡುತ್ತಿದ್ದ ತೊಡೆಗಳನ್ನು ಯಾವುದೋ ಯುದ್ಧ ಮುಗಿಸಿ ಮುದಿಯಾಗಿದ್ದ ವಿಮಾನಗಳಿಗೆ ತುಂಬಿ ಮೇಲಕ್ಕೆ ಹಾರಿಸುತ್ತಿದ್ದರು. ಅನಿಸೆತೊ ಮಾಡಬೇಕಿದ್ದದ್ದು ತೇಪೆ ಹಾಕುವ ಕೆಲಸ. ಹೊಸ ವಿಮಾನದ ಕನಸು ಕಂಡ ಕೈಗಳು ಹಳೆಯ ರೆಕ್ಕೆಗೆ ಅಡುಗೆ ಎಣ್ಣೆ ಡಬ್ಬಿಯ ತಗಡು ಹೊಡೆದವು.

ಆ ಮೈದಾನದಲ್ಲಿ ಒಂದು ರೂಢಿಯಿತ್ತು. ವಿಮಾನ ಹಾರಬಹುದು ಎಂದು ಸಹಿ ಹಾಕುವ ಇಂಜಿನಿಯರು ರಿಪೇರಿಯ ನಂತರದ ಮೊದಲ ಹಾರಾಟಕ್ಕೆ ತಾನೂ ಹತ್ತಬೇಕು. ಕೂರಲು ಜಾಗ ಮಾಂಸದ ನಡುವೆ. ಇದರಿಂದ ಸಹಿಗಳು ಬಹಳ ಯೋಚಿಸಿ ಬೀಳುತ್ತಿದ್ದವು. ಒಮ್ಮೆ ಅವನು ಯೋಚಿಸಿಯೇ ಸಹಿ ಹಾಕಿದ ಎಂಜಿನು ಹಿಮಬೆಟ್ಟಗಳ ನಡುವೆ ಕೆಮ್ಮಿ ನಿಂತಿತು. ಹಾರಿಸುತ್ತಿದ್ದವನು, ಊರೆಲ್ಲ ತಾತು ಎಂದು ಕರೆಯುತ್ತಿದ್ದ ಮುದುಕ, ತಿರುಗಿಯೂ ನೋಡದೆ ಕೂಗಿದ: "ದನ ಇಳಿಸಪ್ಪಾ ಇಂಜಿನಿಯರ್ರೇ, ಇಲ್ಲಾಂದ್ರೆ ನಾವೇ ಇಳೀಬೇಕಾಗುತ್ತೆ!" ಅನಿಸೆತೊ ಬಾಗಿಲು ತೆಗೆದು, ಒಂದು ಕೈಯಲ್ಲಿ ಸರಪಳಿ ಹಿಡಿದು, ಇನ್ನೊಂದು ಕೈಯಲ್ಲಿ ತೊಡೆಗಳನ್ನು ಒಂದೊಂದಾಗಿ ಮೋಡಕ್ಕೆ ನೂಕಿದ. ಅವತ್ತು ಯಾವುದೋ ಬೆಟ್ಟದ ಹಳ್ಳಿಯವರು ಆಕಾಶದಿಂದ ಬಿದ್ದ ಪ್ರಸಾದ ಉಂಡು ಸಂತ ಯಾರೆಂದು ತರ್ಕಿಸಿದರಂತೆ. ಕೆಳಗಿಳಿದ ಮೇಲೆ ತಾತು ಹೇಳಿದ್ದು ಇಷ್ಟೇ: "ಮುಂದಿನ ಸಲ ಇಂಕು ಸ್ವಲ್ಪ ಜಾಸ್ತಿ ಹಾಕಿ."

ಅವತ್ತಿನಿಂದ ಆ ರೂಢಿ ಅನಿಸೆತೊನ ಮೂಳೆಗೆ ಇಳಿಯಿತು.

ಸಂಜೆ ಹೊತ್ತು ವಿಶ್ವವಿದ್ಯಾಲಯದಲ್ಲಿ ಗಣಿತ ಹೇಳಿಕೊಡುತ್ತಿದ್ದವನು ಕುಲಪತಿಯಾದದ್ದು ಯಾವ ಪರಾಕ್ರಮದಿಂದಲೂ ಅಲ್ಲ. ವಿದ್ಯಾರ್ಥಿಗಳೂ ಮೇಷ್ಟ್ರುಗಳೂ ಸೇರಿ ಮತ ಹಾಕುವ ಚುನಾವಣೆಯಲ್ಲಿ ವಕೀಲರ ಬಣಕ್ಕೂ ಪಶುವೈದ್ಯರ ಬಣಕ್ಕೂ ಜಗ್ಗಾಟ ಬಿದ್ದು, ಸದಾ ಆಕಾಶ ನೋಡುವವನಿಗೆ ನೆಲದ ಮೇಲೆ ನಡೆಯುವುದು ಕಾಣಿಸಲಾರದು ಎಂದು ಎರಡೂ ಬಣದವರು ಲೆಕ್ಕ ಹಾಕಿ ಅವನನ್ನೇ ಆರಿಸಿದರು. ಸುದ್ದಿ ತಂದವರಿಗೆ ಅವನ ಬೂಟು ಮಾತ್ರ ಕಾಣಿಸಿತು. ಉಳಿದ ಕುಲಪತಿ ವಿಮಾನದ ಹೊಟ್ಟೆಯೊಳಗಿದ್ದ.

ಲೆಕ್ಕ ತಪ್ಪಿತು. ಕ್ಯಾಂಟೀನಿಗೆ ಒಪ್ಪಿಗೆ ಬೇಕೆಂದರೆ ತಿಂಗಳಿಡೀ ಅಲ್ಲೇ ಊಟ ಮಾಡಿದ, ಸಾರು ದಪ್ಪವಾಯಿತು. ವಿದ್ಯಾರ್ಥಿಗಳ ದೋಣಿಗೆ ಸಹಿ ಕೇಳಿದರೆ ಈಜು ಬಾರದಿದ್ದರೂ ಹತ್ತಿ ನದಿ ದಾಟಿದ. ಹುಡುಗರು ಅವನಿಗೆ "ಹತ್ತೋ ಇಂಜಿನಿಯರು" ಎಂದು ಹೆಸರಿಟ್ಟರು.

ಅಂಥವನು ಈಗ ಶನಿವಾರದ ಪದವಿ ಪ್ರದಾನಕ್ಕೆ ಸಭಾಂಗಣ ತೆರೆಯಲು ಸಹಿ ಹಾಕಬೇಕಿತ್ತು. ಪದವಿ ಪಡೆಯುವವರಲ್ಲಿ ನೋರ್ಕಾಳೂ ಒಬ್ಬಳು, ಸಿವಿಲ್ ಇಂಜಿನಿಯರಿಂಗ್‌ನಲ್ಲಿ. ವಿದ್ಯಾರ್ಥಿ ಸಂಘದ ನಾಯಕಿಯೂ ಅವಳೇ. ಮಂತ್ರಿಯ ಜೀಪಿನ ಮುಂದೆ ಮೊದಲು ಮಲಗಿದವಳು.

ಟಾರ್ಪಾಲು ಇಳಿದ ಮಾರನೆಯ ಬೆಳಿಗ್ಗೆ ಮೆಲ್ಗಾರ್ ಮನೆಗೇ ಬಂದ. ಕುಳಿತುಕೊಳ್ಳಲಿಲ್ಲ.

"ಊರ ಮುಂದೆ ನನ್ನ ಮುಖಕ್ಕೆ ಮಸಿ ಬಳಿದೆಯಲ್ಲೋ."

"ಫ್ಲೋರೆನ್ಸಿಯೊ, ಅದು ರೆಕ್ಕೆ."

"ಹೌದು! ನಿನಗೋಸ್ಕರ!"

"ರೆಕ್ಕೆ ಏನು ಮಾಡುತ್ತೋ ಅದನ್ನೇ ಮಾಡುತ್ತೆ ಅದು."

ಮೆಲ್ಗಾರ್ ನಕ್ಕ. "ವಿಮಾನ ಓಡುತ್ತೆ, ಅದಕ್ಕೆ ಹಾರುತ್ತೆ. ನನ್ನ ಕಟ್ಟಡ ಎಲ್ಲಿಗೆ ಓಡುತ್ತಪ್ಪಾ?"

"ಓಡ್ತಿರೋದು ವಿಮಾನಾನೋ ಗಾಳೀನೋ ಅಂತ ರೆಕ್ಕೆ ವಿಚಾರಿಸೋಕೆ ಹೋಗಲ್ಲ. ಸುರಾಸೊ ಬಂದ್ರೆ ಸಾಕು."

ಸುರಾಸೊ ಅಂದರೆ ದಕ್ಷಿಣದಿಂದ ಏಕಾಏಕಿ ನುಗ್ಗುವ ಚಳಿಗಾಳಿ. ಬೆವರು ಒರೆಸುತ್ತಿದ್ದವರು ಅದೇ ಕರವಸ್ತ್ರವನ್ನು ಕುತ್ತಿಗೆಗೆ ಸುತ್ತಿಕೊಳ್ಳುವಂತೆ ಮಾಡುವ ಗಾಳಿ.

"ಬೋಲ್ಟ್ ಹಾಕಿದ್ದೀನಿ," ಅಂದ ಮೆಲ್ಗಾರ್.

"ಕೂರೋ ಸೂರಿಗೆ ಸಾಕಾಗೋ ಬೋಲ್ಟು. ಏಳೋ ಸೂರಿಗಲ್ಲ. ಉಕ್ಕಿನ ಹಗ್ಗ ಎಳೆದು ನೆಲಕ್ಕೆ ಬಿಗಿಯೋಣ. ಬೆನ್ನ ಮೇಲೆ ಉದ್ದಕ್ಕೂ ಮರಳಿನ ಮೂಟೆ ಇಟ್ರೆ ಗಾಳಿ ಒಡೆದುಹೋಗುತ್ತೆ. ಒಂದೇ ಒಂದು ವಾರ ಕೊಡು."

"ಮರಳಿನ ಮೂಟೆ!" ಮೆಲ್ಗಾರ್ ಚೀರಿದ. "ಮದುವಣಗಿತ್ತಿ ತಲೆ ಮೇಲೆ ಮರಗೆಣಸಿನ ಚೀಲ ಹೊರಿಸ್ತೀಯಾ? ನಿನಗೆ ಹೊಟ್ಟೆಕಿಚ್ಚು ಕಣೋ. ಜೀವಮಾನವಿಡೀ ಒಂದು ವಿಮಾನ ಕಟ್ಟೋಕೆ ಆಗಲಿಲ್ಲ ನಿನ್ನ ಕೈಲಿ. ನಾನು ರೆಕ್ಕೆ ಕಟ್ಟಿದೆ. ಅದು ನಿನಗೆ ಚುಚ್ತಾ ಇದೆ."

ಬಾಗಿಲು ಬಡಿದ ಸದ್ದಿಗೆ ಗೋಡೆಯ ಮೇಲಿದ್ದ ಕೋರ್ದೊಬಾದ ಪದವಿಪತ್ರ ವಾಲಿತು.

ಹೆಂಡತಿ ಎರ್ಮೀನಿಯಾ ಬಂದು ಅದನ್ನು ನೆಟ್ಟಗೆ ಮಾಡಿದಳು. "ನಿಜವಾಗ್ಲೂ ಹಾರುತ್ತಾ ಮುದುಕಾ?"

"ಗಾಳಿ ಎಷ್ಟು ಜೋರಾಗಿ ಬರುತ್ತೆ ಅನ್ನೋದರ ಮೇಲೆ."

"ಹಾರಲಿಲ್ಲ ಅಂದ್ರೆ?"

"ಕೊಂಪಾದ್ರೆ ಹೋದ, ಕುರ್ಚಿ ಹೋಯ್ತು. ಊರವರಿಗೆ ಸಾಯೋತನಕ ನಗೋಕೆ ವಿಷಯ ಸಿಕ್ತು."

"ಹಾರಿದ್ರೆ?"

ಅನಿಸೆತೊ ಕಪಾಟಿನ ಮೇಲಿದ್ದ ಕುಡಿಕೆ ನೋಡುತ್ತ ಕುಳಿತ. "ಒಳಗೆ ಜನ ಇರ್ತಾರೆ ಎರ್ಮೀನಿಯಾ. ಎಲ್ಲರ ಮಕ್ಕಳೂ."

ವಾರವಿಡೀ ಉತ್ತರದ ಗಾಳಿ ಬೀಸಿತು, ಒಲೆಯ ಬಾಯಿಯಿಂದ ಬಂದಂತೆ. ಚೌಕದ ಮರಗಳಲ್ಲಿ ಜೋತುಬಿದ್ದ ಸ್ಲಾತ್ ಎಂಬ ಸೋಮಾರಿ ಪ್ರಾಣಿಗಳೂ ಮಗ್ಗುಲು ಬದಲಿಸಿದವು. ಉತ್ತರದ ಗಾಳಿ ಇಷ್ಟು ಕಾದರೆ ದಕ್ಷಿಣದವನು ಹಲ್ಲು ಮಸೆಯುತ್ತಿದ್ದಾನೆ ಎಂದು ಅನಿಸೆತೊ ಬಲ್ಲ. ಊರಿನವರೂ ಬಲ್ಲರು, ಆದರೆ ಬೆವರಿನಲ್ಲಿ ತೊಯ್ದವನಿಗೆ ಚಳಿಯನ್ನು ನಂಬಿಸುವುದು ಕಷ್ಟ. ಆಡಳಿತ ಸಭೆ ಕೂಡಿ ಸಭಾಂಗಣ ತೆರೆಯಲೇಬೇಕು ಎಂದು ನಿರ್ಣಯಿಸಿತು. ಎಂದೂ ಒಂದಾಗದ ವಕೀಲರೂ ಪಶುವೈದ್ಯರೂ ಅಂದು ಒಂದೇ ಸಲ ಕೈ ಎತ್ತಿದರು. ಶನಿವಾರ ಬಾಗಿಲು ತೆರೆಯದಿದ್ದರೆ ಸೋಮವಾರ ಹೊಸ ಕುಲಪತಿ.

ಅನಿಸೆತೊ ಬೀಗದ ಕೈಯನ್ನು ಜೇಬಿಗಿಳಿಸಿ, ವಿಮಾನ ಮೈದಾನದ ಅಂಚಿನ ಹಳೆಯ ಹ್ಯಾಂಗರಿನಲ್ಲಿ ಕುರ್ಚಿ ಹಾಕಿಸಿದ. ಎಷ್ಟೋ ಸುರಾಸೊಗಳಿಗೆ ಜಗ್ಗದ ಕಬ್ಬಿಣದ ಕೊಟ್ಟಿಗೆ ಅದು, ಸಭಾಂಗಣಕ್ಕೆ ದಕ್ಷಿಣದಲ್ಲಿ, ದೂರದಲ್ಲಿ. ಒಂದೇ ದೋಷ: ದನದ ತೊಡೆ ನೇತುಹಾಕುವ ಕೊಕ್ಕೆಗಳು ಇನ್ನೂ ತೊಲೆಯಲ್ಲಿದ್ದವು, ವಾಸನೆಯೂ.

ಶನಿವಾರ ಬೆಳಿಗ್ಗೆ ಸಭಾಂಗಣದ ಮುಂದೆ ಜನಸಾಗರ. ಕರಿ ನಿಲುವಂಗಿಯೊಳಗೆ ಪದವೀಧರರು ಬೇಯುತ್ತಿದ್ದರು. ಬಾಗಿಲಿಗೆ ಬೆನ್ನು ಕೊಟ್ಟು ಕುಲಪತಿ ಒಬ್ಬನೇ ನಿಂತಿದ್ದ, ಕೋಟೆ ಕಾಯುವ ಕೊನೆಯ ಸೈನಿಕನಂತೆ. ಆಯುಧವೆಂದರೆ ಎರ್ಮೀನಿಯಾ ಜೇಬಿಗೆ ತುರುಕಿದ್ದ ಗಿಣ್ಣಿನ ರೊಟ್ಟಿ.

ನೋರ್ಕಾ ಮೆಗಾಫೋನು ಎತ್ತಿದಳು. "ಕುಲಪತಿ ಸಾಹೇಬ್ರೇ! ಈ ಕಟ್ಟಡಕ್ಕೆ ನಾವು ಪೊಲೀಸರ ಏಟು ತಿಂದಿದ್ದೀವಿ. ಬೀಗದ ಕೈ ಕೊಡಿ!"

"ಹ್ಯಾಂಗರಿನಲ್ಲಿ ಎಲ್ಲ ಸಿದ್ಧ ಇದೆಯಮ್ಮ."

"ದನ ನೇತಾಕೋ ಜಾಗದಲ್ಲಿ ಪದವಿ ತಗೋಬೇಕಾ ನಾವು?"

"ನಮ್ಮತ್ತೇನ ಕರ್ಕೊಂಡ್ಬಂದಿದ್ದೀನಿ," ಹಿಂದಿನಿಂದ ಯಾವನೋ ಕೂಗಿದ, "ಒಂದು ಕೊಕ್ಕೆ ಖಾಲಿ ಇಡಿ!"

ನಗು ಎದ್ದಿತು. ಆಮೇಲೆ ಸಿಳ್ಳೆ. ಆಮೇಲೆ "ಇಳಿ! ಇಳಿ! ಹತ್ತೋ ಇಂಜಿನಿಯರೇ, ಕುರ್ಚಿ ಬಿಟ್ಟು ಇಳಿ!" ನೋರ್ಕಾ ಮೆಗಾಫೋನು ಕೆಳಗಿಳಿಸಿ ಹತ್ತಿರ ಬಂದಳು.

"ಪದ್ರೀನೊ," ಸಣ್ಣಗೆ ಅಂದಳು. ಮನೆಯಲ್ಲಿ ತನ್ನ ಜ್ಞಾನತಂದೆಯನ್ನು ಅವಳು ಕರೆಯುತ್ತಿದ್ದ ಹೆಸರು ಅದು. "ಅಪ್ಪ ವಾರದಿಂದ ಸರಿಯಾಗಿ ಊಟ ಮಾಡಿಲ್ಲ. ಹಾರೋದು ಖಾತ್ರೀನಾ?"

"ಖಾತ್ರಿ ಇಲ್ಲ ಮಗಳೇ."

"ಮತ್ತೆ?"

"ಖಾತ್ರಿ ಇಲ್ಲ ಅನ್ನೋದಕ್ಕೇ ನಮ್ಮ ಕಸುಬಲ್ಲಿ ಯಾರನ್ನೂ ಹತ್ತಿಸಲ್ಲ."

ಆಗ ಗಾಳಿ ನಿಂತಿತು. ವಾರದಿಂದ ಕಿವಿಯಲ್ಲಿ ಕೂತಿದ್ದ ಮೊರೆತ ತಟ್ಟನೆ ಇಲ್ಲವಾದಾಗ ಜನ ತಮ್ಮಷ್ಟಕ್ಕೆ ತಾವೇ ತಲೆ ಎತ್ತಿದರು. ಗಿಳಿಗಳು ಬಾಯಿ ಮುಚ್ಚಿದವು. ದಕ್ಷಿಣದ ಅಂಚಿನಲ್ಲಿ ಸ್ಲೇಟಿನ ಬಣ್ಣದ ಗೆರೆಯೊಂದು ಮೂಡಿತ್ತು. ನೋಡುತ್ತಿದ್ದಂತೆ ಅದು ಪಟ್ಟಿಯಾಯಿತು.

ಯಾರೋ ಅಜ್ಜಿ ಚೀಲದಿಂದ ಶಾಲು ತೆಗೆದು ಹೊದ್ದಳು. ಆ ಶಾಲು ಅನಿಸೆತೊನ ವಾರದ ವಾದಕ್ಕಿಂತ ಹೆಚ್ಚು ಕೆಲಸ ಮಾಡಿತು. ಜನ ಗೊಣಗುತ್ತಲೇ ಮೋಟರ್‌ಬೈಕುಗಳ ಕಡೆ ಹೊರಟರು.

ಮೆಲ್ಗಾರ್ ಹೊರಡಲಿಲ್ಲ. ಜನ ತನ್ನ ಮದುವಣಗಿತ್ತಿಗೆ ಬೆನ್ನು ಹಾಕಿ ಹೋಗುವುದನ್ನು ನೋಡುತ್ತ ನಿಂತ. ಆಮೇಲೆ ನೇರ ಬಂದು ಅನಿಸೆತೊನ ಜೇಬಿಗೆ ಕೈಹಾಕಿ ಬೀಗದ ಕೈ ಕಿತ್ತುಕೊಂಡ.

"ಸಹಿ ಹಾಕಿದೋನು ಹತ್ತಬೇಕು, ಅಲ್ವಾ? ನಾನು ಹಾಕಿದ್ದೀನಿ!" ಬಾಗಿಲು ತೆರೆದು ಒಳಗೆ ಹೋದ.

"ಅಪ್ಪಾ!" ನೋರ್ಕಾ ನುಗ್ಗಿದಳು. ಅನಿಸೆತೊ ಅವಳ ತೋಳು ಹಿಡಿದ.

"ನೀನು ಜನರ ಜೊತೆ ಹೋಗು. ನೀನು ಹೋಗದಿದ್ರೆ ಅರ್ಧ ಜನ ತಮಾಷೆ ನೋಡೋಕೆ ವಾಪಸ್ ಬರ್ತಾರೆ."

"ನಮ್ಮಪ್ಪ ಒಳಗಿದ್ದಾರೆ ಪದ್ರೀನೊ!"

"ನನ್ನ ಕೊಂಪಾದ್ರೆ ಒಳಗಿದ್ದಾನೆ. ಹೋಗು."

ಅವಳು ಬಾಗಿಲನ್ನೊಮ್ಮೆ ನೋಡಿ, ತಿರುಗಿ ಮೆಗಾಫೋನು ಎತ್ತಿದಳು: "ಹ್ಯಾಂಗರಿಗೆ! ಎಲ್ಲರೂ ಹ್ಯಾಂಗರಿಗೆ! ಯಾರೂ ನಿಲ್ಲಬೇಡಿ!" ಆ ಧ್ವನಿ ಕೇಳಿದ್ದರೆ ಮಂತ್ರಿಯ ಜೀಪೂ ಎದ್ದು ನಡೆಯುತ್ತಿತ್ತು.

ಮೆಲ್ಗಾರ್ ವೇದಿಕೆಯ ನಡುಮಧ್ಯದಲ್ಲಿ, ಕುಲಪತಿಯ ಕುರ್ಚಿಯಲ್ಲೇ ಕುಳಿತಿದ್ದ. ಸುತ್ತ ಸಾಲುಸಾಲು ಖಾಲಿ ಕುರ್ಚಿಗಳು. ಅನಿಸೆತೊ ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತ.

"ನೀನು ಸಹಿ ಹಾಕಿಲ್ಲ. ಇಳಿ," ಅಂದ ಮೆಲ್ಗಾರ್.

"ನೀನು ಇಳಿದ್ರೆ ಇಳೀತೀನಿ."

"ನಾನು ಇಳಿಯಲ್ಲ."

"ಸರಿ." ಅನಿಸೆತೊ ರೊಟ್ಟಿಯ ಪೊಟ್ಟಣ ಬಿಚ್ಚಿದ. ಒಂದನ್ನು ಮೆಲ್ಗಾರ್‌ನ ಕೈಗೆ ತುರುಕಿದ. "ಎರ್ಮೀನಿಯಾ ಮಾಡಿದ್ದು. ತಿನ್ನು. ಹಸಿದ ಹೊಟ್ಟೇಲಿ ಹಾರಬಾರದು."

ಜಂಬದ ಮನುಷ್ಯನನ್ನು ಎಳೆದು ಇಳಿಸಲಾಗುವುದಿಲ್ಲ ಎಂದು ತಾತುವಿನ ಜೊತೆ ಕಳೆದ ವರ್ಷಗಳಲ್ಲಿ ಅವನು ಕಲಿತಿದ್ದ. ಪಕ್ಕದಲ್ಲಿ ಕುಳಿತು, ಯಂತ್ರವೇ ಮಾತಾಡುವವರೆಗೆ ಕಾಯಬೇಕು. ಯಂತ್ರ ಮಾತಾಡಿದ ಮೇಲೆ ಎದ್ದು ಓಡಲು ಹೊತ್ತು ಸಿಗುತ್ತದೋ ಇಲ್ಲವೋ, ಅದು ಬೇರೆ.

ಮೊದಲು ಚಳಿ ಬಂತು, ಕಾಲಿನ ಬೆರಳಿಗೆ. ಆಮೇಲೆ ಗಾಳಿ. ಸೊಂಟದೆತ್ತರದ ಗೋಡೆ ದಾಟಿ ಅದು ಒಳನುಗ್ಗಿದಾಗ ಹಿಂದಿನ ಸಾಲಿನ ಕುರ್ಚಿಗಳು ಒಟ್ಟಿಗೆ ಜರುಗಿದವು, ಯಾರೋ ಗಣ್ಯರು ಬಂದರೆಂದು ಎದ್ದುನಿಂತಂತೆ. ಮೇಲೆ ತಗಡು ಸಣ್ಣಗೆ ಗುನುಗತೊಡಗಿತು.

"ಕೇಳಿಸ್ತಾ?" ಅಂದ ಅನಿಸೆತೊ.

"ಹೊಸ ತಗಡು. ಸದ್ದು ಮಾಡುತ್ತೆ."

ಗುನುಗು ಏರಿತು. ತೊಲೆಗಳ ಕಿರ್ರೆನ್ನುವ ಸದ್ದು ನಿಂತುಹೋಯಿತು. ಅದು ನಿಂತದ್ದೇ ಅನಿಸೆತೊನನ್ನು ಕುರ್ಚಿಯ ತುದಿಗೆ ತಂದಿತು: ಭಾರ ಹೊತ್ತ ತೊಲೆ ಕಿರುಗುಟ್ಟುತ್ತದೆ. ಈಗ ಹೊರಲು ಭಾರವೇ ಇರಲಿಲ್ಲ.

ಉತ್ತರದ ಗೋಡೆಯ ತಲೆಯ ಮೇಲೆ, ಸೂರು ಕುಳಿತಿದ್ದ ಜಾಗದಲ್ಲಿ, ಬೆರಳಗಲದ ಬೆಳಕಿನ ಗೆರೆ ಕಂಡಿತು. ಮರುಕ್ಷಣ ಮುಚ್ಚಿಕೊಂಡಿತು.

ಮೆಲ್ಗಾರ್‌ನ ರೊಟ್ಟಿ ಬಾಯಿಯ ಹತ್ತಿರವೇ ನಿಂತಿತು. "ಅದೇನದು ಬೆಳಕು?"

"ಬಾಲದ ಚಕ್ರ ನೆಲ ಬಿಡ್ತಾ ಇದೆ. ಮೊದಲು ಏಳೋದು ಅದೇ."

"ಮತ್ತೆ ಮುಚ್ಕೊಂಡ್ತಲ್ಲ."

"ಇನ್ನೊಂದು ಸಲ ತೆರೆದ್ರೆ ಮುಚ್ಕೊಳ್ಳಲ್ಲ."

ಮೆಲ್ಗಾರ್ ಮೇಲೆ ನೋಡಿದ. ತಾನು ಕಣ್ಣಲ್ಲಿಟ್ಟುಕೊಂಡು ಸಾಕಿದ ಆ ಉಬ್ಬು, ಆ ದುಂಡು, ಆ ಚೂಪು. ಮೊದಲ ಸಲ ಅವನಿಗೆ ಅದು ಸೂರಾಗಿ ಕಾಣಲಿಲ್ಲ.

"ಯಾವ ಕಡೆ?" ಅಂದ, ಪಿಸುಗುಟ್ಟಿ.

"ಗಾಳಿಗೆ ಎದುರು! ಓಡು!"

ಇಬ್ಬರು ಮಧ್ಯವಯಸ್ಸಿನ, ಹೊಟ್ಟೆ ಬಂದ ಮಹಾರಥಿಗಳು ಕುರ್ಚಿಗಳನ್ನು ಬೀಳಿಸುತ್ತ ಓಡಿದರು. ಮೆಲ್ಗಾರ್ ದಕ್ಷಿಣದ ಗಿಡ್ಡ ಗೋಡೆ ಹತ್ತಲಾರದೆ ಜಾರಿದ. ಅನಿಸೆತೊ ಅವನ ಬೆಲ್ಟು ಹಿಡಿದು, ಹಿಂದೊಮ್ಮೆ ದನದ ತೊಡೆ ನೂಕಿದಂತೆ, ಆಚೆಗೆ ನೂಕಿದ. ಅವನ ಹಿಂದೆಯೇ ತಾನೂ ಬಿದ್ದ. ಬಿದ್ದವನು ತಿರುಗಿ ನೋಡಿದ.

ಬೋಲ್ಟುಗಳು ಸಾಲಾಗಿ ಸಿಡಿದವು. ಸೂರು ಒಡೆಯಲಿಲ್ಲ, ಹರಿಯಲಿಲ್ಲ. ಮೂಗು ಎತ್ತಿತು, ಒಂದು ಕ್ಷಣ ಯೋಚಿಸಿತು, ಆಮೇಲೆ ಇಡಿಯಾಗಿ, ಗಂಭೀರವಾಗಿ, ಬೆಳ್ಳಗೆ, ಗೋಡೆಗಳನ್ನು ಬಿಟ್ಟು ಎದ್ದಿತು. ಕಂಬಗಳು ಉತ್ತರಕ್ಕೆ ಮಗುಚಿ ವೇದಿಕೆಯ ಮೇಲೆ ಬಿದ್ದವು, ಕುಲಪತಿಯ ಕುರ್ಚಿಯ ಮೇಲೆ. ಸೂರು ಮರಗಳನ್ನು ದಾಟಿ, ವಾಲಿ, ದನ ನೀರು ಕುಡಿಯುವ ಕೊಳಕ್ಕೆ ಇಳಿಯಿತು. ಬಾತುಗಳು ಬೈಯುತ್ತ ಎದ್ದವು.

ಇಬ್ಬರೂ ಗೋಡೆಯಾಚೆಯ ಕೆಸರಿನಲ್ಲಿ ಬಿದ್ದಿದ್ದರು. ಮೆಲ್ಗಾರ್‌ನ ಒಂದು ಬೂಟು ಇರಲಿಲ್ಲ. ಕೈಯಲ್ಲಿ ರೊಟ್ಟಿ ಇತ್ತು.

"ನಾನು ಮುಖ ಕೆಳಗೆ ಮಾಡಿ ಬಿದ್ದಿದ್ದೆ," ಅಂದ ಮೆಲ್ಗಾರ್. "ಹೆಂಗೆ ಹಾರಿತು ಕೊಂಪಾದ್ರೆ?"

"ಚೆನ್ನಾಗಿ ಎದ್ದಿತು. ಆಮೇಲೆ ಎಡಕ್ಕೆ ವಾಲಿತು. ಬಲಗಡೆ ಉದ್ದ ಜಾಸ್ತಿ ಮಾಡಿದ್ದೆ ನೀನು."

"ಆ ಕಡೆ ಮೆಟ್ಟಿಲು ಬಂತು." ಮೆಲ್ಗಾರ್ ಅಳುತ್ತಿದ್ದ.

ಹ್ಯಾಂಗರಿನಲ್ಲಿ ಊರಿಗೆ ಊರೇ ಒಬ್ಬರಿಗೊಬ್ಬರು ಅಂಟಿಕೊಂಡು ಚಳಿ ತಡೆಯುತ್ತಿತ್ತು. ಪದವೀಧರರ ಟೋಪಿಗಳು ಸಾಲಾಗಿ ಕೊಕ್ಕೆಗಳಲ್ಲಿ ನೇತಾಡುತ್ತಿದ್ದವು. ಎರಡು ಕೆಸರಿನ ಮುದ್ದೆಗಳು ಬಾಗಿಲಲ್ಲಿ ಕಾಣಿಸಿಕೊಂಡಾಗ ನೋರ್ಕಾ ಮೊದಲು ಅಪ್ಪನನ್ನು ತಬ್ಬಿದಳು, ಆಮೇಲೆ ಅವನ ಬೆನ್ನಿಗೆ ಜೋರಾಗಿ ಗುದ್ದಿದಳು, ಆಮೇಲೆ ಮತ್ತೆ ತಬ್ಬಿದಳು. ವಕೀಲರೂ ಪಶುವೈದ್ಯರೂ ತಮ್ಮ ಬೂಟುಗಳನ್ನು ಪರೀಕ್ಷಿಸುತ್ತಿದ್ದರು. ಸೋಮವಾರದ ಮಾತನ್ನು ಯಾರೂ ಎತ್ತಲಿಲ್ಲ.

ಕೆಸರು ಮೆತ್ತಿದ ಕೈಯಿಂದಲೇ ಅನಿಸೆತೊ ಪದವಿ ಕೊಟ್ಟ. ನೋರ್ಕಾಳ ಸರದಿ ಬಂದಾಗ ಪೆನ್ನು ಎತ್ತಿ ನಿಂತ.

"ಇದಕ್ಕೆ ಸಹಿ ಹಾಕಿದ್ರೆ ನೀನು ಕಟ್ಟೋದರೊಳಗೆಲ್ಲ ನಾನು ಬಂದು ಕೂರಬೇಕಾಗುತ್ತೆ. ಗೊತ್ತು ತಾನೇ?"

"ಕುರ್ಚಿ ನೀವೇ ತರಬೇಕು ಪದ್ರೀನೊ."

ಮುಂದಿನ ಸುರಾಸೊ ಕಾಲಕ್ಕೆ ಆ ಗೋಡೆಗಳ ಮೇಲೆ ನೋರ್ಕಾ ಕಟ್ಟಿದ ಹೊಸ ಸೂರು ಇತ್ತು: ಮೋತಕೂ ತಾಳೆಗರಿಯದು, ಗಿಡ್ಡ, ನಾಲ್ಕೂ ಕಡೆ ಇಳಿಜಾರು, ಉಕ್ಕಿನ ಹಗ್ಗದಿಂದ ನೆಲಕ್ಕೆ ಬಿಗಿದದ್ದು. ನೋಡಲು ಒದ್ದೆ ಕೋಳಿಯಂತೆ. ಗಾಳಿ ಬಂದ ದಿನ ಅನಿಸೆತೊ ಮಡಚುವ ಕುರ್ಚಿ ಹಿಡಿದು ಹೋದರೆ, ಮೆಲ್ಗಾರ್ ಆಗಲೇ ತನ್ನದನ್ನು ಹಾಕಿಕೊಂಡು ಕುಳಿತಿದ್ದ. ಸುರಾಸೊ ಹಗಲಿಡೀ ಗರಿಗಳನ್ನು ಕೆದಕಿತು. ಇಬ್ಬರೂ ಉತ್ತರದ ಗೋಡೆಯ ತಲೆಯನ್ನೇ ನೋಡುತ್ತ, ರೊಟ್ಟಿ ತಿನ್ನುತ್ತ ಕುಳಿತರು. ಬೆಳಕಿನ ಗೆರೆ ಮೂಡಲಿಲ್ಲ.

ಗಾಳಿ ಇಳಿದು ಜನ ಸೇರಿದ ಮೇಲೆ ಅನಿಸೆತೊ ಹಾಳೆ ತರಿಸಿ ಸಹಿ ಹಾಕಿದ. ಅಂದು ಒಡೆಯದೆ ಮನೆಗೆ ಒಯ್ದಿದ್ದ ಕುಡಿಕೆಯನ್ನು ತಲೆಯ ಮೇಲೆತ್ತಿ ನೆಲಕ್ಕೆ ಅಪ್ಪಳಿಸಿದ. ಅದರಲ್ಲಿ ಎರ್ಮೀನಿಯಾ ಯಾವಾಗಲೋ ಚಿಚಾ ಚೆಲ್ಲಿ, ವಿನೆಗರ್‌ನಲ್ಲಿ ಮೆಣಸಿನಕಾಯಿ ಹಾಕಿಟ್ಟಿದ್ದುದು ಅವನಿಗೆ ಗೊತ್ತಿರಲಿಲ್ಲ.

ಆ ಘಾಟಿಗೆ ಸಭಾಂಗಣದಲ್ಲಿದ್ದವರೆಲ್ಲರ ಕಣ್ಣಲ್ಲೂ ನೀರು ಬಂತು. ಮೆಲ್ಗಾರ್ ಒರೆಸಿಕೊಳ್ಳಲೂ ಇಲ್ಲ.